ಎಂಟಿಲ್ಲದ ಸಂಖ್ಯೆ

"ಬುದ್ಧೀ, ಒಬ್ಬನನ್ನು ಹೊರಗಿಟ್ಟರೆ ಉಳಿದವರೆಲ್ಲ ಒಂದಾಗುತ್ತಾರೆ ಎಂದಾದರೆ, ಹೊರಗಿಡುವುದು ತಪ್ಪೇ?"

ಕೇಳಿದವನು ಶಾಂತವೀರ, ಮಠದ ಶಿಷ್ಯರಲ್ಲಿ ಹಿರಿಯ. ಪ್ರಶ್ನೆ ಅವನೊಬ್ಬನದಲ್ಲ. ಉಳಿದ ಶಿಷ್ಯರೆಲ್ಲ ಸೇರಿ ಅವನನ್ನು ಕಳಿಸಿದ್ದರು. ಪರ್ವತ ಎಂಬ ಶಿಷ್ಯನೊಬ್ಬನಿಗೆ ನಾಲಿಗೆ ತೊದಲುತ್ತಿತ್ತು. ಪ್ರಾರ್ಥನೆಯಲ್ಲಿ ಎಲ್ಲರೂ ಸಾಲು ಮುಗಿಸಿದ ಮೇಲೂ ಅವನ ದನಿಯೊಂದು ಹಿಂದೆ ಉಳಿದು ಎಳೆಯುತ್ತಿತ್ತು.

"ಅವನು ಎಲ್ಲಿ ಕೂರಬೇಕು ಅನ್ನುತ್ತೀರಿ?" ಎಂದು ಗುರುಗಳು ಕೇಳಿದರು.

"ಹೊರಜಗಲಿಯಲ್ಲಿ ಕೂತು ಮನಸ್ಸಿನಲ್ಲೇ ಹೇಳಿಕೊಳ್ಳಲಿ, ಬುದ್ಧಿ. ಶಿವನಿಗೆ ಕೇಳದೆ ಇರುತ್ತದೆಯೇ?"

"ಶಿವನಿಗೆ ಕೇಳುತ್ತದೆ. ನಿಮಗೆ ಕೇಳಬಾರದು, ಅಷ್ಟೇ ತಾನೆ?"

ಶಾಂತವೀರ ತಲೆ ತಗ್ಗಿಸಿದ. ಗುರುಗಳು ಬೈಯಲಿಲ್ಲ. ಅವರು ಯಾರನ್ನೂ ಬೈದವರಲ್ಲ. ಶಿವನಾಮ ಸ್ಮರಿಸಿ, ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು. ನಾನೂ ಅಲ್ಲೇ ಅವರ ಪಾದದ ಬಳಿ ಕೂತು ಕೇಳಿದ್ದನ್ನು ಕೇಳಿದಂತೆಯೇ ಬರೆಯುತ್ತಿದ್ದೇನೆ.

ಪಡುವಣ ಕಡಲಿನ ದಂಡೆಯಲ್ಲಿ ಒಂದು ಊರಿತ್ತು. ಊರೆಂದರೆ ಒಂಬತ್ತು ಮನೆ. ಎಲ್ಲರದೂ ಮೀನು ಹಿಡಿಯುವ ಕೆಲಸ. ಹೊಳೆಯೊಂದು ಅಲ್ಲಿ ಕಡಲು ಸೇರುತ್ತಿತ್ತು. ಹೊಳೆ ಕಡಲು ಸೇರುವ ಬಾಯಿಯನ್ನು ಅವರು ಅಳಿವೆ ಎನ್ನುತ್ತಾರೆ. ಕಡಲಿಗೆ ಹೋದ ದೋಣಿ ಅಳಿವೆಯಿಂದಲೇ ಒಳಗೆ ಬರಬೇಕು. ಅಳಿವೆಯ ತೆಂಕು ದಡದಲ್ಲಿ ಊರು. ಆ ಬದಿಯಲ್ಲಿ ನೀರು ಆಳ, ದಾರಿ ಸುಗಮ. ಬಡಗು ದಡದ ಮುಂದೆ ನೀರಿನಡಿಯಲ್ಲಿ ಬಂಡೆಗಳು.

ತಿಳಿ ಹಗಲಿನಲ್ಲಿ ದಾರಿ ನೋಡಲು ಕಣ್ಣೇ ಸಾಕು. ಮಳೆ ಕವಿದರೆ ತನ್ನ ಕೈಯೇ ತನಗೆ ಕಾಣದು. ಅದಕ್ಕಾಗಿ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ತೆಂಕು ದಡದ ತುದಿಯಲ್ಲಿ ಒಂದು ಕಲ್ಲುಕಟ್ಟೆ. ದಿನಕ್ಕೊಂದು ಮನೆಯವರು ತಮ್ಮ ಮನೆಯ ಶಂಖ ಹಿಡಿದು ಅಲ್ಲಿ ಕೂರಬೇಕು. ಮಳೆ ಕವಿದರೆ ಊದಬೇಕು. ದೋಣಿಯವರು ಸದ್ದು ಹಿಡಿದು ಬರಬೇಕು. ಒಂದನೆಯ ಮನೆಯಿಂದ ಒಂಬತ್ತನೆಯ ಮನೆಯವರೆಗೆ ಸರದಿ, ಮತ್ತೆ ಒಂದರಿಂದ. ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಊದುವಂತಿಲ್ಲ. ಸರದಿ ಎಂದರೆ ದೇವರು ಆ ಮನೆಗೆ ಒಪ್ಪಿಸಿದ ಪೂಜೆ ಎಂದು ಅವರು ನಂಬಿದ್ದರು. ಒಳ್ಳೆಯ ನಂಬಿಕೆಯೇ. ಬಂದ ಮೀನನ್ನು ಒಂಬತ್ತು ಬುಟ್ಟಿಗೆ ಸಮನಾಗಿ ಹಂಚುತ್ತಿದ್ದರು.

ಎಂಟನೆಯ ಮನೆಯಲ್ಲಿ ಒಬ್ಬ ಹೆಂಗಸು ಮಾತ್ರ ಇದ್ದಳು. ಗಂಡನನ್ನು ಕಡಲು ತೆಗೆದುಕೊಂಡಿತ್ತು. ಮಕ್ಕಳಿರಲಿಲ್ಲ. ಅವಳ ಮನೆಯಿಂದ ದೋಣಿಗೆ ಹೋಗುವವರು ಯಾರೂ ಇರಲಿಲ್ಲ. ಆದರೆ ಅವಳು ಒಂದು ಸರದಿಯನ್ನೂ ತಪ್ಪಿಸಿದವಳಲ್ಲ. ಜ್ವರ ಬಂದ ದಿನವೂ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿರುತ್ತಿದ್ದಳು. ಗಂಡ ಹೋದ ಮೇಲೆ ಅವಳಿಗೆ ಈ ಲೋಕದಲ್ಲಿ ಉಳಿದ ಕೆಲಸ ಅದೊಂದೇ, ಹೋದವರು ತಿರುಗಿ ಬರುವಂತೆ ಊದುವುದು.

ಒಂದು ವರ್ಷ ಮೀನು ಕಡಿಮೆಯಾಯಿತು. ಬುಟ್ಟಿಗಳು ಅರ್ಧಕ್ಕೆ ಇಳಿದವು. ಹಂಚುವಾಗ ಜನರ ಕಣ್ಣು ಎಂಟನೆಯ ಬುಟ್ಟಿಯ ಮೇಲೆ ಹೋಗತೊಡಗಿತು.

"ಹುಟ್ಟು ಹಾಕಿ ನಮ್ಮ ರಟ್ಟೆ ಬಿದ್ದುಹೋಯ್ತು. ಅವಳಿಗೆ ಕೂತಲ್ಲಿಗೇ ಬುಟ್ಟಿ," ಎಂದ ಒಬ್ಬ.

"ನೀನೂ ಊದು ಮಾರಾಯ, ಯಾರು ಬೇಡ ಅಂದ್ರು?"

"ನನ್ನ ಹೆಂಡತಿ ಬಿಡಬೇಕಲ್ಲ. ಮನೆಯಲ್ಲಿ ಊದುವುದು ಅವಳೊಬ್ಬಳೇ."

ಎಲ್ಲರೂ ನಕ್ಕರು. ನಗುವಿನ ಅಡಿಯಲ್ಲಿ ಹಸಿವಿತ್ತು. ಆದರೂ ಅವಳನ್ನು ಹೋಗು ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಹಿರಿಯರ ಕಟ್ಟಳೆ ಒಂಬತ್ತು ಮನೆಯದು. ಅದನ್ನು ಮುರಿಯಲು ಅವರಿಗೆ ತಮ್ಮ ಹಸಿವಿಗಿಂತ ದೊಡ್ಡದಾದ ಒಂದು ಕಾರಣ ಬೇಕಿತ್ತು.

ಆ ದಿನಗಳಲ್ಲಿ ಒಬ್ಬ ಪಂಡಿತ ಯಾತ್ರೆಯ ದಾರಿಯಲ್ಲಿ ಬಂದು ಊರಿನ ಗುಡಿಯಲ್ಲಿ ಉಳಿದುಕೊಂಡ. ಅವನಿಗೆ ಸಂಖ್ಯೆಗಳ ಮೇಲೆ ಬಲು ಪ್ರೀತಿ. ಬೇರೆಯವರು ಮಕ್ಕಳನ್ನು ಆಡಿಸುವ ಹಾಗೆ ಅವನು ಅಂಕಿಗಳನ್ನು ಆಡಿಸುತ್ತಿದ್ದ. ಸಂಜೆ ಒದ್ದೆ ಮರಳಿನ ಮೇಲೆ ಕಡ್ಡಿಯಿಂದ ಬರೆಯುತ್ತಿದ್ದ. ಊರಿನವರು ಸುತ್ತ ನಿಂತು ನೋಡುತ್ತಿದ್ದರು. ಊರಿನ ಹಿರಿಯನನ್ನು ಅಲ್ಲಿ ಗುರಿಕಾರ ಎನ್ನುತ್ತಾರೆ. ಒಂದು ದಿನ ಗುರಿಕಾರ ಕೇಳಿದ.

"ಅಯ್ಯನವರೇ, ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆ ಇಲ್ಲ, ಅಂಥ ಲೆಕ್ಕ ಒಂದು ಉಂಟಾ?"

ಪಂಡಿತನ ಮುಖ ಅರಳಿತು. "ಒಂದು ಸಂಖ್ಯೆ ಇದೆ. ನೋಡಿ," ಎಂದು ಮರಳಿನ ಮೇಲೆ ಬರೆದ.

೧೨೩೪೫೬೭೯

"ಒಂದು ಕೋಟಿ ಇಪ್ಪತ್ತಮೂರು ಲಕ್ಷ ನಲವತ್ತೈದು ಸಾವಿರದ ಆರುನೂರ ಎಪ್ಪತ್ತೊಂಬತ್ತು. ಇದನ್ನು ಒಂಬತ್ತರಿಂದ ಗುಣಿಸುತ್ತೇನೆ."

ಗುಣಿಸಿದ. ಕೆಳಗೆ ಬಂದ ಉತ್ತರ ಹೀಗಿತ್ತು.

೧೧೧೧೧೧೧೧೧

ಜನ ಬಾಯಿ ತೆರೆದು ನಿಂತರು. ಎಲ್ಲ ಒಂದೇ. ಸಾಲಾಗಿ ನಿಂತ ದೀಪದ ಹಾಗೆ. ಪಂಡಿತನಿಗೆ ಉತ್ಸಾಹ ಬಂತು. ಒಂಬತ್ತರ ಎರಡರಷ್ಟು ಹದಿನೆಂಟು, ಅದರಿಂದ ಗುಣಿಸಿದ. ಎಲ್ಲವೂ ಎರಡು. ಇಪ್ಪತ್ತೇಳರಿಂದ ಗುಣಿಸಿದ. ಎಲ್ಲವೂ ಮೂರು. ಹಾಗೆಯೇ ಮೇಲೇರಿ ಎಂಬತ್ತೊಂದರಿಂದ ಗುಣಿಸಿದ. ಎಲ್ಲವೂ ಒಂಬತ್ತು. ದಂಡೆಯ ಮರಳೆಲ್ಲ ಅಂಕಿಯಿಂದ ತುಂಬಿತು. ಭಗವಂತ ಅಂಕಿಗಳ ಒಳಗೂ ಇಂಥ ಸೊಬಗು ಇಟ್ಟಿದ್ದಾನೆ. ಅದನ್ನು ನೋಡಿ ಕೈ ಮುಗಿದು ಎದ್ದುಬಿಟ್ಟಿದ್ದರೆ ಪುಣ್ಯ ಬರುತ್ತಿತ್ತು.

ಆದರೆ ಗುರಿಕಾರ ಬಗ್ಗಿ ಮೊದಲ ಸಾಲನ್ನು ಬೆರಳಿಟ್ಟು ಓದಿದ. ಐದು, ಆರು, ಏಳು. ಬೆರಳು ನಿಂತಿತು.

"ಅಯ್ಯನವರೇ, ಇದರಲ್ಲಿ ಎಂಟು ಇಲ್ಲ."

"ಇಲ್ಲ. ಇದ್ದರೆ ಈ ಚಂದ ಬರುವುದಿಲ್ಲ." ಪಂಡಿತ ಎಂಟನ್ನು ಸೇರಿಸಿ ಬರೆದು ಒಂಬತ್ತರಿಂದ ಗುಣಿಸಿ ತೋರಿಸಿದ.

೧೧೧೧೧೧೧೧೦೧

"ನೋಡಿ, ಸೊನ್ನೆ ಬಂತು."

ಎಲ್ಲರೂ ಆ ಸೊನ್ನೆಯನ್ನೇ ನೋಡಿದರು. ಅವರ ಕಣ್ಣಿಗೆ ಅದು ಸೊನ್ನೆಯಲ್ಲ, ಯಾರದೋ ಮನೆಯ ಖಾಲಿ ಬುಟ್ಟಿ. ಗುರಿಕಾರ ಮೆಲ್ಲಗೆ ಇನ್ನೊಂದು ಮಾತು ಕೇಳಿದ.

"ಎಂಟು ಹೋದ ಮೇಲೆ ಒಂಬತ್ತನ್ನೇ ಎಂಟು ಅಂತ ಕರೆದರೆ?"

ಪಂಡಿತ ಅದನ್ನೂ ಬರೆದ. ಒಂದರಿಂದ ಎಂಟರವರೆಗೆ ಬರೆದು ಒಂಬತ್ತರಿಂದ ಗುಣಿಸಿದ.

೧೧೧೧೧೧೧೦೨

"ಒಂದು ಬುಟ್ಟಿ ಖಾಲಿ, ಇನ್ನೊಂದಕ್ಕೆ ಎರಡು ಪಾಲು," ಎಂದ ಗುರಿಕಾರ. "ಹಾಗಾದರೆ ಒಂಬತ್ತು ಒಂಬತ್ತಾಗಿಯೇ ಇರಬೇಕು. ಎಂಟರ ಜಾಗ ಖಾಲಿ ಇರಬೇಕು."

"ಸಂಖ್ಯೆಯಲ್ಲಿ ಹೌದು," ಎಂದ ಪಂಡಿತ.

ಅವನು ಅಷ್ಟೇ ಹೇಳಿದ್ದು. ಅದು ಅಂಕಿಯ ಮಾತು, ಮನೆಯ ಮಾತಲ್ಲ ಎಂದು ಕೂಗಿ ಹೇಳಬಹುದಿತ್ತು. ಆದರೆ ಮರುದಿನ ಊರಿನ ಹೆಂಗಸರು ಆ ಸಂಖ್ಯೆಯನ್ನು ಗುಡಿಯ ಅಂಗಳದಲ್ಲಿ ರಂಗೋಲಿಯಾಗಿ ಬರೆದು ಹೂ ಇಟ್ಟರು. ಅವನ ಮುಂದೆ ಅನ್ನದ ತಟ್ಟೆ ಇಟ್ಟು ಕಾಲಿಗೆ ಬಿದ್ದರು. ತಾನು ಪ್ರೀತಿಸಿದ ಸಂಖ್ಯೆಗೆ ಜನ ಅಡ್ಡಬೀಳುವುದನ್ನು ಅವನು ಮೊದಲ ಬಾರಿ ಕಂಡಿದ್ದ. ಸುಮ್ಮನಾದ.

ಗುರಿಕಾರ ಎಂಟನೆಯ ಮನೆಗೆ ಹೋದ.

"ಅಕ್ಕಾ, ನಮಗೆ ನಿನ್ನ ಮೇಲೆ ಸಿಟ್ಟಿಲ್ಲ. ಲೆಕ್ಕ ಹಾಗೆ ಬಂತು."

ಅವಳು ಬುಟ್ಟಿಯ ಮಾತೆತ್ತಲಿಲ್ಲ. ಮನೆಯ ಮಾತೂ ಎತ್ತಲಿಲ್ಲ. "ನನ್ನ ಸರದಿಯ ದಿನ ಯಾರು ಊದುತ್ತಾರೆ?" ಎಂದಳು.

"ಯಾರೂ ಇಲ್ಲ. ಆ ದಿನ ದೋಣಿ ಇಳಿಸುವುದಿಲ್ಲ. ಆ ದಿನವೇ ಇಲ್ಲ ಅಂತ ಮಾಡಿದ್ದೇವೆ."

"ದಿನ ಇಲ್ಲ ಅಂತ ಮಾಡ್ಲಿಕ್ಕೆ ಆಗ್ತದಾ ಗುರಿಕಾರ್ರೇ? ಸೂರ್ಯನಿಗೆ ಯಾರು ಹೇಳಿದ್ರು?"

ಅವಳು ಶಂಖವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಳೆ ದಾಟಿದಳು. ಊರಿನಲ್ಲಿ ಇರಬಾರದು ಎಂದಿದ್ದರು, ಆದರೆ ಊರನ್ನು ಬಿಟ್ಟು ದೂರ ಹೋಗಲು ಅವಳಿಗೆ ಮನಸ್ಸಾಗಲಿಲ್ಲ. ಬಡಗು ದಡದಲ್ಲಿ ತೆಂಗಿನ ಗರಿಯ ಗುಡಿಸಲು ಹಾಕಿಕೊಂಡಳು. ಚಿಪ್ಪುಮೀನು ಆರಿಸಿ ಬೇಯಿಸಿ ತಿಂದಳು. ತನ್ನ ಸರದಿಯ ದಿನ ಬಂದಾಗ ನೀರಿನ ಅಂಚಿನಲ್ಲಿ ಶಂಖ ಹಿಡಿದು ಕೂರುತ್ತಿದ್ದಳು. ಕಡಲಿನಲ್ಲಿ ದೋಣಿ ಇರುತ್ತಿರಲಿಲ್ಲ. ಆದರೂ ಸಂಜೆಯವರೆಗೆ ಕೂತು, ದೇವರಿಗೆ ಕೈ ಮುಗಿದು ಎದ್ದು ಹೋಗುತ್ತಿದ್ದಳು.

ಮಳೆಗಾಲ ಹತ್ತಿರ ಬಂದಾಗ ಮೀನು ದಂಡೆಯ ಕಡೆಗೆ ಬರುತ್ತದೆ. ಆ ವರ್ಷವೂ ಬಂತು. ಎಂಟು ಬುಟ್ಟಿಗಳು ತುಂಬಿದವು. ಜನ ಮೀನಿಗೆ ಕೈ ಮುಗಿಯಲಿಲ್ಲ, ಸಂಖ್ಯೆಗೆ ಕೈ ಮುಗಿದರು. ಊರಿನಲ್ಲಿ ಎಂಟು ಎಂಬ ಮಾತೇ ನಿಂತುಹೋಯಿತು. ಮಕ್ಕಳು ಕೂಡ ಏಳಾದ ಮೇಲೆ ಒಂಬತ್ತು ಎಂದು ಎಣಿಸಲು ಕಲಿತವು.

ಒಮ್ಮೆ ಏಳನೆಯ ಮನೆಯ ಸರದಿಯ ದಿನ ಮೂರು ದೋಣಿಗಳು ಕಡಲಿಗಿಳಿದವು. ಒಂದರಲ್ಲಿ ಗುರಿಕಾರನ ಮಗನಿದ್ದ. ಮಧ್ಯಾಹ್ನ ಗಾಳಿ ತಿರುಗಿತು. ದೋಣಿಗಳು ಸಂಜೆಗೆ ಬರಲಿಲ್ಲ. ಏಳನೆಯ ಮನೆಯವರು ರಾತ್ರಿಯಿಡೀ, ತಮ್ಮ ಸರದಿ ಮುಗಿಯುವವರೆಗೆ ಊದಿದರು. ಬೆಳಗಾಯಿತು. ಮಳೆ ಗೋಡೆ ಕಟ್ಟಿದ ಹಾಗೆ ಸುರಿಯುತ್ತಿತ್ತು. ಏಳನೆಯ ಮನೆಯವರು ಶಂಖ ಒರೆಸಿಕೊಂಡು ಕಟ್ಟೆಯಿಂದ ಇಳಿದರು. ಇಲ್ಲದ ದಿನ ಆರಂಭವಾಯಿತು.

ಊರೆಲ್ಲ ದಂಡೆಗೆ ಬಂತು. ಎಂಟು ಮನೆಯವರ ಕೈಯಲ್ಲೂ ಶಂಖವಿತ್ತು. ಮಳೆಯ ಆಚೆಯಿಂದ ಒಂದು ಕೂಗು ಕೇಳಿದ ಹಾಗಾಯಿತು. ಆಮೇಲೆ ಇನ್ನೊಂದು. ದೋಣಿಗಳು ಹತ್ತಿರದಲ್ಲೇ ಇದ್ದವು, ದಾರಿ ಕೇಳುತ್ತಿದ್ದವು.

"ಊದಿ! ಯಾರಾದರೂ ಊದಿ!" ಎಂದಳು ಗುರಿಕಾರನ ಹೆಂಡತಿ.

"ನಿಮ್ಮ ಮನೆಯದೂ ಶಂಖವೇ ಅಲ್ವಾ ಅಮ್ಮಾ," ಎಂದಳು ಒಂಬತ್ತನೆಯ ಮನೆಯ ಸೊಸೆ. ಅವಳ ಗಂಡನೂ ದೋಣಿಯಲ್ಲಿದ್ದ. "ಈ ದಿನ ಊದಿದ ಮನೆಯೇ ಎಂಟನೆಯ ಮನೆ. ನಾವು ಎಂಟಾದರೆ ನಮ್ಮನ್ನು ಇಲ್ಲಿ ಇಟ್ಟುಕೊಳ್ತೀರಾ?"

ಗುರಿಕಾರನ ಹೆಂಡತಿ ಗಂಡನ ಮುಖ ನೋಡಿದಳು. ಗುರಿಕಾರ ಶಂಖವನ್ನು ತುಟಿಯವರೆಗೆ ತಂದ. ಅಲ್ಲಿ ನಿಲ್ಲಿಸಿದ. "ಪಂಡಿತರನ್ನು ಒಂದು ಮಾತು ಕೇಳುತ್ತೇನೆ," ಎಂದು ಗುಡಿಗೆ ಓಡಿದ.

ಪಂಡಿತ ಅವನ ಮಾತು ಪೂರ್ತಿ ಕೇಳಲಿಲ್ಲ. "ನನ್ನನ್ನೇಕೆ ಕೇಳುತ್ತೀರಿ? ಊದಿ!" ಎಂದು ಕಿರುಚಿ ತಾನೂ ಮಳೆಯಲ್ಲಿ ಓಡಿಬಂದ.

ಅವರು ದಂಡೆಗೆ ಬರುವ ಹೊತ್ತಿಗೆ ಶಂಖದ ಸದ್ದು ಕೇಳುತ್ತಿತ್ತು. ದೀರ್ಘವಾಗಿ, ತಡೆಯಿಲ್ಲದೆ, ಉಸಿರಿಗೆ ಉಸಿರು ಸೇರಿಸಿ ಯಾರೋ ಊದುತ್ತಿದ್ದರು. ಗುರಿಕಾರ ನೆಮ್ಮದಿಯ ಉಸಿರು ಬಿಟ್ಟ. ಆಮೇಲೆ ಜನರ ಮುಖ ನೋಡಿದ. ಎಲ್ಲರ ಶಂಖವೂ ಅವರವರ ಕೈಯಲ್ಲೇ ಇತ್ತು.

ಸದ್ದು ಬಡಗು ದಡದಿಂದ ಬರುತ್ತಿತ್ತು.

ಅಂದು ಅವಳ ಸರದಿ. ಅವಳೂ ಕೂಗು ಕೇಳಿದ್ದಳು. ಕಟ್ಟೆಯ ಕಡೆಯಿಂದ ಸದ್ದು ಬರಲಿ ಎಂದು ಎಷ್ಟು ಹೊತ್ತು ಕಾದಳೋ ಶಿವನಿಗೇ ಗೊತ್ತು. ಬರಲಿಲ್ಲ. ತಾನಿರುವುದು ಬಂಡೆಗಳ ದಡ, ದೋಣಿ ತನ್ನ ಸದ್ದಿನ ಕಡೆಗೇ ತಿರುಗುತ್ತದೆ ಎಂಬ ಯೋಚನೆ ಅವಳಿಗೆ ಹೊಳೆಯಲಿಲ್ಲ. ಕಡಲಿನಿಂದ ಕೂಗು ಬಂದರೆ ಊದಬೇಕು. ಅವಳಿಗೆ ಗೊತ್ತಿದ್ದ ಧರ್ಮ ಅದು.

ಆಗ ಎಂಟೂ ಮನೆಯವರು ಒಟ್ಟಿಗೆ ಊದಿದರು. ಯಾರು ಎಷ್ಟನೆಯವರು ಎಂದು ಯಾರೂ ನೋಡಲಿಲ್ಲ. ಗುರಿಕಾರ ಊದಿದ. ಅವನ ಹೆಂಡತಿ ಅವನಿಂದ ಕಿತ್ತುಕೊಂಡು ಊದಿದಳು. ಹೊತ್ತು ಮೀರಿತ್ತು. ಮಳೆಯ ಒಳಗೆ ಮರ ಸೀಳಿದ ಸದ್ದು ಕೇಳಿತು. ಮತ್ತೊಂದು ಸಲ ಕೇಳಿತು. ಮೂರನೆಯದು ಕೇಳಿದ ಮೇಲೆ ಶಂಖಗಳು ಒಂದೊಂದಾಗಿ ನಿಂತವು. ಎದುರು ದಡದ ಶಂಖ ಮಾತ್ರ ನಿಲ್ಲಲಿಲ್ಲ.

ನೀರು ಒಬ್ಬನನ್ನು ಜೀವಂತ ತಂದು ಮರಳಿಗೆ ಹಾಕಿತು. ಅವನು ಗುರಿಕಾರನ ಮಗನಲ್ಲ. ಒಂಬತ್ತನೆಯ ಮನೆಯವನೂ ಅಲ್ಲ.

"ಬಂಡೆಯ ಕಡೆಗೆ ಯಾಕೆ ತಿರುಗಿಸಿದಿರಿ?" ಎಂದು ಗುರಿಕಾರ ಅವನ ಭುಜ ಹಿಡಿದು ಕೇಳಿದ.

"ಶಂಖ ಕೇಳಿತಲ್ಲ," ಎಂದ ಅವನು. "ನೀವೇ ಊದ್ತಿದ್ದೀರಿ ಅಂದ್ಕೊಂಡ್ವಿ. ನಾವು ಕಡಲಲ್ಲಿ ಇರುವಾಗ ನೀವು ಊದದೆ ಇರ್ತೀರಾ ಅಂತ ನಿಮ್ಮ ಮಗನೇ ಹೇಳಿದ."

ಮಳೆ ನಿಂತ ಮೇಲೆ ಗುರಿಕಾರ ಹೊಳೆ ದಾಟಿದ. ಅವಳನ್ನು ಬೈಯಬೇಕು, ಕೊಲ್ಲಬೇಕು ಎಂದು ಹೊರಟಿದ್ದ. ಪಂಡಿತ ಅವನ ಹಿಂದೆಯೇ ಹೋದ. ಅವಳು ನೀರಿನ ಅಂಚಿನಲ್ಲಿ ಕೂತಿದ್ದಳು. ತುಟಿ ಒಡೆದು ಗಲ್ಲದವರೆಗೆ ರಕ್ತ ಇಳಿದಿತ್ತು. ಶಂಖ ಮಡಿಲಲ್ಲಿತ್ತು. ಅವರನ್ನು ಕಂಡು ಅವಳ ಮುಖ ಬೆಳಗಿತು.

"ಗುರಿಕಾರ್ರೇ, ನಮ್ಮವರು ಎಲ್ಲ ಬಂದ್ರಾ?"

ಗುರಿಕಾರ ನಿಂತಲ್ಲೇ ಮರಳಿನ ಮೇಲೆ ಕುಸಿದು ಕೂತ.

ಪಂಡಿತ ಅವಳ ಕಡೆ ನೋಡಲಾರದೆ ಕೆಳಗೆ ನೋಡಿದ. ಒದ್ದೆ ಮರಳು. ಅವನ ಬೆರಳು ತಾನಾಗಿಯೇ ಆ ಸಂಖ್ಯೆಯನ್ನು ಬರೆಯಿತು. ಎಷ್ಟೋ ಸಾವಿರ ಸಲ ಬರೆದ ಸಂಖ್ಯೆ ಅದು. ಗುಣಿಸಿದ. ಒಂದುಗಳ ಸಾಲು ಬಂತು. ಈ ಸಲ ಅವನು ಅದರ ಚಂದ ನೋಡಲಿಲ್ಲ. ಬೆರಳಿಟ್ಟು ಎಣಿಸಿದ. ಮತ್ತೊಮ್ಮೆ ಎಣಿಸಿದ.

"ಗುರಿಕಾರರೇ," ಎಂದ. "ನಾನು ಇಟ್ಟದ್ದು ಎಂಟೇ ಅಂಕಿ. ಬಂದ ಒಂದುಗಳು ಒಂಬತ್ತು. ನಾವು ತೆಗೆದುಹಾಕಿದವಳ ಪಾಲನ್ನೂ ಸೇರಿಸಿಯೇ ಉತ್ತರ ಬರುತ್ತಿತ್ತು. ನಾನು ಒಮ್ಮೆಯೂ ಎಣಿಸಲಿಲ್ಲ."

ಗುರಿಕಾರನ ಕಿವಿಗೆ ಅದು ಬೀಳಲಿಲ್ಲ.

ಊರಿನವರು ಅವಳನ್ನು ತಿರುಗಿ ಕರೆದರು. ಏನಾಯಿತೆಂದು ಅವಳಿಗೆ ಯಾರೂ ಹೇಳಲಿಲ್ಲ, ಆದರೆ ದಂಡೆಯಲ್ಲಿ ಸಾಲಾಗಿ ಮಲಗಿಸಿದವರನ್ನು ಮುಚ್ಚಿಡಲು ಯಾರಿಂದ ಸಾಧ್ಯ? ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಂಟನೆಯ ಮನೆಯ ಬಾಗಿಲು ಮತ್ತೆ ತೆರೆಯಿತು, ಎಂಟನೆಯ ಬುಟ್ಟಿ ಮತ್ತೆ ತುಂಬಿತು. ತನ್ನ ಸರದಿಯ ದಿನ ಅವಳು ಕಟ್ಟೆಯ ಮೇಲೆ ಬಂದು ಕೂರುತ್ತಿದ್ದಳು. ಮಳೆ ಕವಿದರೆ ಶಂಖವನ್ನು ಪಕ್ಕದವರ ಕೈಗೆ ಕೊಡುತ್ತಿದ್ದಳು. ಬದುಕಿರುವವರೆಗೆ ಅವಳು ಅದನ್ನು ಮತ್ತೆ ತುಟಿಗೆ ತರಲಿಲ್ಲ.

ಗುರುಗಳು ಕಣ್ಣು ಮುಚ್ಚಿದರು. ತುಟಿಯಲ್ಲಿ ಶಿವನಾಮ ನಡೆಯುತ್ತಿತ್ತು. ಸತ್ತವರಿಗಾಗಿಯೋ, ಆ ಹೆಂಗಸಿಗಾಗಿಯೋ, ನಮಗಾಗಿಯೋ ನನಗೆ ತಿಳಿಯದು. ಶಾಂತವೀರ ಕೇಳಿದ.

"ಹಾಗಾದರೆ ಪಂಡಿತ ತೋರಿಸಿದ ಸಂಖ್ಯೆ ಸುಳ್ಳೇ, ಬುದ್ಧಿ?"

"ಸಂಖ್ಯೆ ನಿಜ, ಮಗು, ಹೊರಗೆ ಕಳಿಸಿದ ಎಂಟು ಯಾವ ದಡದಲ್ಲಿ ನಿಂತು ನಮ್ಮನ್ನು ಕರೆಯುತ್ತದೆ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ."